ಗೋಂದಿಗೆ ತಾಗದಂತೆ

ಕನ್ನಡದಲ್ಲಿ ‘ಬಾಯಿ ಬಿಡು’ ಎಂಬ ಮಾತಿಗೆ ಎರಡು ಅರ್ಥವಿದೆ. ದಂತವೈದ್ಯರು ಹೇಳಿದರೆ ಒಂದು, ಪೊಲೀಸಿನವರು ಹೇಳಿದರೆ ಇನ್ನೊಂದು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದು, ಇಂಥ ನುಡಿಗಟ್ಟುಗಳನ್ನು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿ, ಸರಿಯಾಗಿ ಬಳಸದವರಿಗೆ ಮುಲಾಜಿಲ್ಲದೆ ಅರ್ಧ ಅಂಕ ಕತ್ತರಿಸಿದವನು ನಾನು. ಮೊದಲನೆಯ ಅರ್ಥದಲ್ಲಿ ನಾನು ಇತ್ತೀಚೆಗೆ ಬೇಕಾದಷ್ಟು ಬಾಯಿ ಬಿಟ್ಟಿದ್ದೇನೆ. ಎರಡನೆಯ ಅರ್ಥದಲ್ಲಿ ಬಿಡಲೇಬೇಕಾಗಿದ್ದ ಒಂದು ಹೊತ್ತಿನಲ್ಲಿ ಬಿಡಲಿಲ್ಲ. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ದಂತವೈದ್ಯರಲ್ಲದವರು ಹಲ್ಲು ಬೆಳ್ಳಗೆ ಮಾಡಬಹುದೇ ಎಂಬ ಪ್ರಶ್ನೆ ನಮ್ಮ ಕೃಷ್ಣಮೂರ್ತಿಪುರಂನ ಬೀದಿಯಲ್ಲಿ ಎದ್ದಾಗ ಎಲ್ಲರೂ ನನ್ನ ಅಭಿಪ್ರಾಯ ಕೇಳಿದ್ದರು. ಹಲ್ಲು ನನ್ನದು, ಸುಟ್ಟುಕೊಂಡವನು ನಾನು, ಬೀದಿಗೆ ಹಿರಿಯನೂ ನಾನೇ. ಆದರೆ ಆ ವಿಷಯದಲ್ಲಿ ಒಂದು ಮಾತೂ ಆಡುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದು ಈಗ ಹೇಳುತ್ತೇನೆ.

ನನ್ನ ಹಲ್ಲಿನ ಬಣ್ಣವನ್ನು ನಾನು ಹಳದಿ ಎನ್ನುವುದಿಲ್ಲ. ಹಾಗೆನ್ನುವವಳು ನನ್ನ ಹೆಂಡತಿ ಗೌರಮ್ಮ. ದಿನಕ್ಕೆ ಆರು ಲೋಟ ಸ್ಟಾಫ್ ರೂಮಿನ ಕಾಫಿ, ಎರಡು ಹೊತ್ತು ಊಟವಾದ ಮೇಲೆ ಎಲೆ ಅಡಿಕೆ. ಇಷ್ಟು ಒಳ್ಳೆಯ ವೀಳ್ಯದೆಲೆ ಸಿಗುವ ಊರಿನಲ್ಲಿ ಹುಟ್ಟಿ ಹಲ್ಲನ್ನು ಬೆಳ್ಳಗಿಟ್ಟುಕೊಳ್ಳುವುದು ಊರಿಗೆ ಮಾಡುವ ಅವಮಾನ ಎಂದೇ ನಂಬಿದ್ದೆ. ನಿವೃತ್ತಿಯ ದಿನದ ಫೋಟೋ ನೋಡುವವರೆಗೆ ಈ ನಂಬಿಕೆ ಗಟ್ಟಿಯಾಗಿತ್ತು. ಅದರಲ್ಲಿ ನಾನು ಮನಸಾರೆ ನಕ್ಕಿದ್ದೆ. ಗೌರಮ್ಮ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, “ಎಲ್ಲಾ ಚೆನ್ನಾಗಿದೆ, ಬಾಯೊಂದು ಮುಚ್ಕೊಂಡಿದ್ರೆ ಆಗಿತ್ತು” ಎಂದಳು. ಅಲ್ಲಿಂದ ಮುಂದೆ ಮದುವೆ, ನಾಮಕರಣ, ಗೃಹಪ್ರವೇಶ ಯಾವುದರ ಫೋಟೋ ನೋಡಿದರೂ ನಾನು ತುಟಿ ಬಿಗಿದುಕೊಂಡೇ ನಿಂತಿದ್ದೇನೆ. ಊಟ ಸರಿ ಹೋಗಲಿಲ್ಲವೇನೋ ಎಂದು ಒಂದಿಬ್ಬರು ಬೀಗರು ಕೇಳಿದ್ದೂ ಉಂಟು.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಬನ್ನಿಮಂಟಪದ ಕಡೆ ಒಂದು ಕಲ್ಯಾಣ ಮಂಟಪ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಕೊನೆಯಲ್ಲಿ ದೊಡ್ಡದೊಂದು ಫೋಟೋ. ಇದರ ಮುಂದಾಳು ಮಹೇಶ, ಪಕ್ಕದ ಕ್ರಾಸಿನಲ್ಲೇ ಕ್ಲಿನಿಕ್ ಇಟ್ಟಿರುವ ದಂತವೈದ್ಯ. ಹಲ್ಲಿನ ಡಾಕ್ಟರೇ ಶಿಷ್ಯನಾಗಿರುವಾಗ ಅವನ ಬಳಿ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ಇದೇ ಮಹೇಶನನ್ನು ಬೆಳಗಿನ ಪ್ರಾರ್ಥನೆಯ ಸಾಲಿನಿಂದ ಹೊರಗೆಳೆದು, “ಎಲ್ಲಿ, ಹಲ್ಲು ತೋರಿಸೋ” ಎಂದು ಎಲ್ಲರ ಎದುರು ಗದರಿದವನು ನಾನು. ಈಗ ಅವನ ಕುರ್ಚಿಯಲ್ಲಿ ಮಲಗಿ ಈ ಹಲ್ಲುಗಳನ್ನು ತೋರಿಸಲು ಮನಸ್ಸು ಒಪ್ಪಲಿಲ್ಲ.

ಇಲ್ಲಿ ನನ್ನ ಇನ್ನೊಂದು ಚಟದ ವಿಷಯ ಹೇಳಬೇಕು. ನಾನು ನಮ್ಮ ಬೀದಿಯ ಭಾಷಾಂತರಕಾರ. ಯಾರೂ ನೇಮಿಸಿದ್ದಲ್ಲ. ಮಿಕ್ಸಿಯ ಗ್ಯಾರಂಟಿ ಕಾರ್ಡು, ವಿಮೆಯ ಕಾಗದ, ಬೀದಿಯ ಮಕ್ಕಳ ಶಾಲೆಯ ಸುತ್ತೋಲೆ, ಏನು ಬಂದರೂ ನನ್ನ ಜಗಲಿಗೆ ಬರುತ್ತಿತ್ತು, ನಾನು ಅದನ್ನು ಅಚ್ಚ ಕನ್ನಡಕ್ಕೆ ಇಳಿಸಿ ಕೊಡುತ್ತಿದ್ದೆ. ಕೆಳಗೆ ಬಲಗಡೆ ‘ಕನ್ನಡಕ್ಕೆ: ಎಂ. ಪುಟ್ಟಮಾದಪ್ಪ, ನಿವೃತ್ತ ಕನ್ನಡ ಪಂಡಿತ’ ಎಂದು ಬರೆಯುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಮಿಕ್ಸಿಯ ಕಾರ್ಡಿಗೂ ಬರೆದಿದ್ದೇನೆ. ನನ್ನ ಇಂಗ್ಲಿಷು ಎಷ್ಟಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಪದ ಬಂದರೆ ನೋಡೋಣವೆಂದು ಒಂದು ದಪ್ಪ ನಿಘಂಟು ಇಟ್ಟುಕೊಂಡಿದ್ದೆ. ಅದು ದಸರಾ ಗೊಂಬೆಗಳ ಪೆಟ್ಟಿಗೆಗಳ ಹಿಂದೆ, ಅಟ್ಟದ ಮೇಲಿತ್ತು. ಇಳಿಸಬೇಕಾದರೆ ನಾನು ಸ್ಟೂಲು ಹತ್ತಬೇಕು, ಗೌರಮ್ಮ ಸ್ಟೂಲು ಹಿಡಿದುಕೊಳ್ಳಬೇಕು, ಹಿಡಿದುಕೊಂಡಷ್ಟು ಹೊತ್ತೂ ಅವಳು ಹೇಳುವುದನ್ನು ಕೇಳಬೇಕು. ಹಾಗಾಗಿ ಅದು ಅಲ್ಲೇ ಇತ್ತು.

ನಮ್ಮ ಎದುರು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಮಂಜುಳ ಎಂಬಾಕೆ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಹುಣಸೂರಿನ ಕಡೆ ಬೇಸಾಯದ ಮನೆಯಲ್ಲಿ ಬೆಳೆದವಳು, ಹುಬ್ಬು ತಿದ್ದುವುದರಿಂದ ಹಿಡಿದು ಮದುವಣಗಿತ್ತಿಯ ಅಲಂಕಾರದವರೆಗೆ ಎಲ್ಲವನ್ನೂ ಕಲಿತು ತನ್ನ ಕಾಲ ಮೇಲೆ ನಿಂತವಳು. ಗೌರಮ್ಮ ಒಂದು ಮಧ್ಯಾಹ್ನ ಭಜನೆಗೆ ಹೋಗಿದ್ದಾಗ ಅವಳು ಒಂದು ಡಬ್ಬಿ ಮತ್ತು ಒಂದು ಕಾಗದ ಹಿಡಿದು ಬಂದಳು.

“ಮೇಷ್ಟ್ರೇ, ಮದುವೆ ಹೆಣ್ಮಕ್ಳೆಲ್ಲ ಹಲ್ಲು ಬೆಳ್ಳಗ್ ಮಾಡ್ಕೊಡಿ ಅಂತವ್ರೆ, ಅದುಕ್ಕೆ ಇದುನ್ನ ತರುಸ್ದೆ. ಕಂಪನಿಯೋನು ಬಂದು ಒಂದ್ ಗಂಟೆ ಎಲ್ಲಾ ತೋರುಸ್ಬುಟ್ಟು ಹೋದ. ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಈ ಕಾಗದದಲ್ಲಿ ಏನ್ ಬರ್ದವ್ರೆ ಅಂತ ತಿಳ್ಕೊಳ್ದೆ ಒಬ್ರ ಬಾಯಿಗೂ ಕೈ ಹಾಕ್ಬಾರ್ದು ಅನ್ನುಸ್ತು. ಒಸಿ ಕನ್ನಡದಲ್ಲಿ ಬರ್ಕೊಡ್ತೀರಾ?”

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ತಿಳಿಯದೆ ಕೈ ಹಾಕಬಾರದು ಎಂದವಳು ಅವಳು. ನಾನು ಕನ್ನಡಕ ಏರಿಸಿಕೊಂಡು ಕಾಗದಕ್ಕೆ ಕೈ ಹಾಕಿದೆ.

ಮೊದಲೆರಡು ಸಾಲು ಸಲೀಸಾಗಿ ಹೋದವು. ಮೂರನೆಯದರಲ್ಲಿ ಕ್ರೌನ್ ಎಂದೂ ಬ್ರಿಡ್ಜ್ ಎಂದೂ ಇತ್ತು. ಇಷ್ಟು ಗೊತ್ತಿಲ್ಲವೇ? ‘ಕಿರೀಟಗಳೂ ಸೇತುವೆಗಳೂ ಇದರಿಂದ ಬೆಳ್ಳಗಾಗುವುದಿಲ್ಲ’ ಎಂದು ಬರೆದೆ. ಮಂಜುಳ ಪಕ್ಕದಲ್ಲೇ ನಿಂತು ಓದುತ್ತಿದ್ದಳು. “ಸೇತುವೆ ಯಾಕ್ ಬಂತು ಮೇಷ್ಟ್ರೇ?” ಎಂದಳು. “ಕಂಪನಿಯವರು ಪ್ರಾಮಾಣಿಕರು ಕಣಮ್ಮ. ತಮ್ಮ ಮದ್ದಿನಿಂದ ಏನು ಆಗೋದಿಲ್ಲವೋ ಅದನ್ನೂ ಹೇಳಿಬಿಟ್ಟಿದ್ದಾರೆ” ಎಂದೆ. ಹಲ್ಲಿಗೆ ಹಾಕುವ ಕ್ಯಾಪಿಗೆ ಇಂಗ್ಲಿಷಿನಲ್ಲಿ ಕ್ರೌನ್ ಎನ್ನುತ್ತಾರೆ, ಬಿದ್ದ ಹಲ್ಲಿನ ಜಾಗದಲ್ಲಿ ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಕಟ್ಟುವುದಕ್ಕೆ ಬ್ರಿಡ್ಜ್ ಎನ್ನುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ಕೇಡಿರಲಿಲ್ಲ. ಮುಂದಿನ ಸಾಲು ದಪ್ಪಕ್ಷರದಲ್ಲಿತ್ತು. ಜೆಲ್ ‘ಗಮ್’ಗೆ ತಾಗದಂತೆ ನೋಡಿಕೊಳ್ಳಬೇಕು, ಮೊದಲು ಸಣ್ಣ ಟ್ಯೂಬಿನಲ್ಲಿರುವ ‘ಗಮ್ ಬ್ಯಾರಿಯರ್’ ಹಚ್ಚಬೇಕು. ಗಮ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಶಾಲೆಯ ಆಫೀಸಿನಲ್ಲಿದ್ದ ಗಮ್ ಬಾಟಲಿ. ಜವಾನರು, ಗುಮಾಸ್ತರು ಗಮ್ಮು ಎನ್ನುತ್ತಾರೆ, ಪಂಡಿತನಾದ ನಾನು ಹಾಗೆ ಬರೆಯಲಾದೀತೇ? ‘ಜೆಲ್ ಗೋಂದಿಗೆ ತಾಗದಂತೆ ಎಚ್ಚರ ವಹಿಸಿ. ಮೊದಲು ಗೋಂದುತಡೆಯನ್ನು ಹಚ್ಚಿ’ ಎಂದು ಬರೆದೆ. ‘ಗೋಂದುತಡೆ’ ಎಂಬ ಪದ ನನ್ನದೇ ಸೃಷ್ಟಿ. ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿ ಸಂತೋಷಪಟ್ಟೆ.

ಮಂಜುಳ ಸುಮ್ಮನಿರಲಿಲ್ಲ. “ಹಲ್ಲಿಗೂ ಗೋಂದಿಗೂ ಏನು ಮೇಷ್ಟ್ರೇ?” ಎಂದು ಕೇಳಿದಳು. ಗೊತ್ತಿಲ್ಲ ಎನ್ನಲು ಮೂರಕ್ಷರ ಸಾಕಾಗಿತ್ತು. “ಅದು ರಸಾಯನ ಕಣಮ್ಮ. ಗೋಂದಿನ ಗಾಳಿ ತಾಗಿದರೆ ಮದ್ದಿನ ಶಕ್ತಿ ಹೋಗುತ್ತೆ. ಪಾರ್ಲರಿನಲ್ಲಿ ಗೋಂದು ಇಟ್ಟಿದ್ದೀಯಾ?” ಎಂದೆ. ಕೃತಕ ರೆಪ್ಪೆ ಅಂಟಿಸಲು, ಮದುಮಗಳ ಹಣೆಗೆ ಬಿಂದಿ ಕೂರಿಸಲು ಒಂದು ಪುಟ್ಟ ಬಾಟಲಿ ಇದೆಯೆಂದಳು. “ಹಾಗಾದರೆ ಅದರ ಬಾಯಿಗೆ ಈ ಟ್ಯೂಬಿನದ್ದನ್ನು ಬಳಿದು ಭದ್ರವಾಗಿ ಮುಚ್ಚಿ ಬೀರುವಿನಲ್ಲಿಡು” ಎಂದು ಆಜ್ಞೆ ಮಾಡಿದೆ. ಕೊನೆಯಲ್ಲಿ ‘ಕನ್ನಡಕ್ಕೆ’ ಬರೆದು ಕೊಟ್ಟೆ. ಅವಳು ಕೈಮುಗಿದು, “ನಿಮ್ಮಂಥೋರು ಎದುರುಗಡೆ ಇರೋದು ನನ್ ಪುಣ್ಯ. ಮೊದಲು ನಿಮಗೇ ಮಾಡ್ಕೊಡ್ತೀನಿ, ಕಾಸೇನೂ ಬೇಡ” ಎಂದಳು. ನಾನು ಬೇಡಬೇಡವೆನ್ನುತ್ತಲೇ ದಿನ ಗೊತ್ತು ಮಾಡಿದೆ.

ಗುರುವಂದನೆಗೆ ಹತ್ತು ದಿನ ಇರುವಾಗ, ಗುರುವಾರದ ಮಧ್ಯಾಹ್ನ, ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದೆ. ಮಂಜುಳ ಪರದೆ ಎಳೆದು ಬಾಗಿಲು ಹಾಕಿದಳು. ಗೋಡೆಯ ಮೇಲೆ ನನ್ನ ಸೂಚನೆಗಳನ್ನು ಅವಳೇ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಒಂದು ಚಾರ್ಟಿನ ಮೇಲೆ ಬರೆದು ಅಂಟಿಸಿದ್ದಳು. ಜಾಗ ಸಾಲದೆ ನನ್ನ ಹೆಸರು ಬಿಟ್ಟುಹೋಗಿತ್ತು. ಅದಕ್ಕೆ ನನಗೆ ಸ್ವಲ್ಪ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಅವಳು ಚಾರ್ಟನ್ನು ಒಂದೊಂದೇ ಸಾಲು ಓದಿಕೊಂಡು ಕೈ ತೊಳೆದಳು, ಗೋಂದಿನ ಬಾಟಲಿ ಬೀರುವಿನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದಳು. ಆಮೇಲೆ ಅನುಮಾನದಿಂದ, “ಮೇಷ್ಟ್ರೇ, ನಿಮಗೆ ಪೇಟ ಇಡ್ತಾರಲ್ಲ, ಅದು ಕಿರೀಟದ ಲೆಕ್ಕಕ್ಕೆ ಬರ್ತದಾ?” ಎಂದು ಕೇಳಿದಳು. ನಾನು ಗಂಭೀರವಾಗಿ ಯೋಚಿಸಿ, ಪೇಟ ಬಟ್ಟೆಯದು, ಕಿರೀಟ ಲೋಹದ್ದು, ತೊಂದರೆಯಿಲ್ಲ ಎಂದು ತೀರ್ಪು ಕೊಟ್ಟೆ.

ಬಾಯಿ ಮುಚ್ಚದಂತೆ ಒಂದು ಪ್ಲಾಸ್ಟಿಕ್ ಚೌಕಟ್ಟು ಸಿಕ್ಕಿಸಿ, ಜೆಲ್ ಬಳಿದು, ನೀಲಿ ದೀಪ ಹಚ್ಚಿದಳು. ಐದು ನಿಮಿಷಕ್ಕೆ ಉರಿ ಶುರುವಾಯಿತು. ಹಸಿಮೆಣಸಿನಕಾಯಿ ಅರೆದು ಬಾಯಿಗೆ ಮೆತ್ತಿದ ಹಾಗಿತ್ತು. “ಉರೀತದಾ ಮೇಷ್ಟ್ರೇ?” ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಇನ್ನೆರಡು ನಿಮಿಷಕ್ಕೆ ನನ್ನ ಕಣ್ಣಂಚಿನ ನೀರು ನೋಡಿ, “ತೆಗೆದುಬುಡ್ಲಾ?” ಎಂದಳು. ಬೇಡವೆಂದು ಕೈಯಾಡಿಸಿದೆ. ಉರಿದಷ್ಟೂ ಬೆಳ್ಳಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಸಲ ಅವಳು ಕೇಳುವುದನ್ನೂ ಬಿಟ್ಟು ದೀಪ ಆರಿಸಲು ಕೈ ಚಾಚಿದಾಗ, ಮೂವತ್ತಮೂರು ವರ್ಷದ ಮೇಷ್ಟರ ಕಣ್ಣು ಬಿಟ್ಟು ಅವಳ ಕೈಯನ್ನು ತಡೆದೆ. ಅವಳು ಹೆದರಿ ಹಿಂದೆ ಸರಿದು ನಿಂತಳು.

ಮಾರನೆಯ ಬೆಳಗ್ಗೆ ನನ್ನ ಹಲ್ಲುಗಳು ನಿಜಕ್ಕೂ ಬೆಳ್ಳಗಿದ್ದವು. ಹಲ್ಲುಗಳ ಮೇಲಿನದೂ ಬೆಳ್ಳಗಿತ್ತು, ಸುಟ್ಟು ಬೊಬ್ಬೆ ಬಂದಿತ್ತು. ಇಡ್ಲಿಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುತ್ತಿದ್ದ ನನ್ನನ್ನು ಗೌರಮ್ಮ ನೋಡಿ, ಎಲ್ಲಿ ಮಾಡಿಸಿಕೊಂಡೆನೆಂದು ಕೇಳಿ ತಿಳಿದಳು. ಐದೇ ನಿಮಿಷದಲ್ಲಿ ನಾನು ಮಹೇಶನ ಕುರ್ಚಿಯಲ್ಲಿದ್ದೆ. “ಬಾಯಿ ಬಿಡಿ ಸಾರ್” ಎಂದ ಮಹೇಶ, ನೋಡಿ ದಂಗಾಗಿ, “ಯಾರು ಸಾರ್ ಮಾಡಿದ್ದು ಇದನ್ನ?” ಎಂದು ಕೇಳಿದ. ಗೌರಮ್ಮನೇ ಉತ್ತರ ಕೊಟ್ಟಳು. “ಎದುರುಮನೆ ಪಾರ್ಲರಿನೋಳು. ಹುಬ್ಬು ಕೀಳೋದು ಬಿಟ್ಟು ಹಲ್ಲಿಗೆ ಬಂದವ್ಳೆ.” ಮಹೇಶ ಮುಲಾಮು ಹಚ್ಚುತ್ತ ನನಗೆ ಪಾಠ ಹೇಳಿದ. “ಆ ಜೆಲ್ ವಸಡಿಗೆ ತಾಗಲೇಬಾರದು ಸಾರ್. ಅದಕ್ಕೇ ಅಂತ ಕಿಟ್ಟಿನಲ್ಲಿ ಗಮ್ ಬ್ಯಾರಿಯರ್ ಕೊಟ್ಟಿರ್ತಾರೆ. ಗಮ್ ಅಂದ್ರೆ ವಸಡು. ಅಷ್ಟೂ ಗೊತ್ತಿಲ್ಲದೋರು ಬಾಯಿಗೆ ಕೈ ಹಾಕ್ತಾರಲ್ಲ!”

ಗಮ್ ಎಂದರೆ ವಸಡು. ನಾನು ಬಾಯಿ ಬಿಟ್ಟುಕೊಂಡು ಮೇಲಿನ ದೀಪ ನೋಡುತ್ತ ಮಲಗಿದ್ದೆ. ಹೇಳೋಣವೆಂದರೆ ಬಾಯಲ್ಲಿ ಹತ್ತಿಯಿತ್ತು. ಹತ್ತಿ ತೆಗೆದ ಮೇಲೂ ಇದೆಯೆಂಬಂತೆ ಕೂತೆ. ಉಪ್ಪುನೀರು ಮುಕ್ಕಳಿಸಿ, ಖಾರ ಬೇಡ, ಒಂದು ವಾರದಲ್ಲಿ ವಾಸಿಯಾಗುತ್ತದೆ ಎಂದು ಮಹೇಶ ಹೇಳಿ ಕಳಿಸಿದ.

ಗೌರಮ್ಮ ಸೀದಾ ಎದುರುಮನೆಗೆ ಹೋದಳು. ಮಂಜುಳ, “ನೋಡಿ ಅಮ್ಮ, ಇದ್ರಲ್ಲಿ ಇದ್ದಂಗೇ ಮಾಡಿದ್ದು ನಾನು” ಎಂದು ಗೋಡೆಯ ಚಾರ್ಟನ್ನೇ ಕಿತ್ತು ಕೊಟ್ಟಳಂತೆ. ನನ್ನ ಕೈಬರಹದ ಮೂಲ ಪ್ರತಿಯನ್ನು ತೋರಿಸಲಿಲ್ಲ. ಚಾರ್ಟು ಗೌರಮ್ಮನಿಂದ ಮಹೇಶನಿಗೆ, ಮಹೇಶನಿಂದ ಬಡಾವಣೆಯ ಸಂಘಕ್ಕೆ ಹೋಯಿತು. ಭಾನುವಾರ ಸಂಜೆ ಪಾರ್ಕಿನ ಮಂಟಪದಲ್ಲಿ ಸಭೆ ಸೇರಿತು. ಅಧ್ಯಕ್ಷರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮಂಜುಳ ಕೊನೆಯ ಕುರ್ಚಿಯಲ್ಲಿ, ಮಡಿಲಲ್ಲಿ ಪರ್ಸು ಇಟ್ಟುಕೊಂಡು ಕೂತಿದ್ದಳು.

ಚರ್ಚೆ ಚೆನ್ನಾಗಿಯೇ ನಡೆಯಿತು. ಒಬ್ಬರು, ಹಲ್ಲುಪುಡಿ ಮಾರುವವರೆಲ್ಲ ಡಾಕ್ಟರುಗಳೇ ಎಂದರು. ಇನ್ನೊಬ್ಬರು ಎದ್ದು, “ಮಕ್ಕಳಿಗೆ ಕಿವಿ ಚುಚ್ಚೋರು ಅಕ್ಕಸಾಲಿಗರು. ಕಿವಿ ಡಾಕ್ಟರನ್ನ ಯಾರಾದ್ರೂ ಕರೀತೀವೇನ್ರೀ?” ಎಂದು ಕೇಳಿದರು. ಸಭೆ ತಲೆದೂಗಿತು. ಆಗ ಮಹೇಶ ನಿಂತ. “ಅಕ್ಕಸಾಲಿಗನಿಗೆ ಕಿವಿ ಎಲ್ಲಿದೆ ಅಂತ ಗೊತ್ತು ಸಾರ್. ಇವರಿಗೆ ವಸಡು ಎಲ್ಲಿದೆ ಅಂತಲೇ ಗೊತ್ತಿಲ್ಲ. ಇಲ್ಲಿ ಕೇಳಿ” ಎಂದು ಚಾರ್ಟು ಬಿಡಿಸಿ ಓದಿದ. ಕಿರೀಟ ಬಂತು, ಸಭೆ ನಕ್ಕಿತು. ಸೇತುವೆ ಬಂತು, ಜೋರಾಗಿ ನಕ್ಕಿತು. ಗೋಂದುತಡೆ ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರೂ ನಗುವಾಗ ಒಬ್ಬನೇ ನಗದಿದ್ದರೆ ಅನುಮಾನ ಬರುವುದಿಲ್ಲವೇ? ನಾನೂ ನಕ್ಕೆ. ನಕ್ಕಾಗ ಬೊಬ್ಬೆ ಹಿಗ್ಗಿ ಪ್ರಾಣ ಹೋಗುವಷ್ಟು ನೋವಾಯಿತು, ಆದರೂ ನಕ್ಕೆ. ನನ್ನ ಬದುಕಿನಲ್ಲಿ ನಾನು ಮಾಡಿದ ಹೇಸಿಗೆಯ ಕೆಲಸಗಳಲ್ಲಿ ಈ ನಗೆಯೇ ಮೊದಲನೆಯದು.

ಅಧ್ಯಕ್ಷರು, “ಇದನ್ನ ಬರೆದ ಮಹಾನುಭಾವರು ಯಾರಮ್ಮ?” ಎಂದು ಕೇಳಿದರು. ಮಂಜುಳ ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. “ನಾನೇ ಸಾರ್. ಅಕ್ಷರ ನಂದೇ” ಎಂದಳು. ಅದು ಸುಳ್ಳಲ್ಲ. ಇನ್ನು ಹಲ್ಲಿನ ಕೆಲಸ ಮಾಡುವುದಿಲ್ಲವೆಂದು ಹೇಳಿ ಹೊರಟುಹೋದಳು. ಸಭೆಗೆ ಅಷ್ಟು ಸಾಕಾಗಲಿಲ್ಲ. ಇಂಥ ಅಪಾಯದ ವ್ಯವಹಾರಕ್ಕೆ ಕೋಣೆ ಕೊಡಬಾರದು, ಖಾಲಿ ಮಾಡಿಸಿ ಎಂದು ಯಾದವಗಿರಿಯಲ್ಲಿರುವ ಮನೆ ಮಾಲೀಕರಿಗೆ ಸಂಘದಿಂದ ಪತ್ರ ಬರೆಯಬೇಕೆಂದು ತೀರ್ಮಾನವಾಯಿತು. ಪತ್ರ ಬರೆಯುವವರು ಯಾರು? “ಮೇಷ್ಟ್ರೇ ಇದಾರಲ್ಲ, ಅವರ ಕನ್ನಡ ಅಂದ್ರೆ ಕನ್ನಡ” ಎಂದರು. ನಾನು ಅಲ್ಲೇ ಕರಡು ಮಾಡಿದೆ. ಸಂಧಿ ಸಮಾಸ ಎಲ್ಲ ಸರಿಯಾಗಿತ್ತು. ಶುದ್ಧ ಪ್ರತಿಯನ್ನು ಗುರುವಂದನೆ ಮುಗಿದ ಮಾರನೆಯ ದಿನ ಕೊಡುತ್ತೇನೆಂದು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಮೂರು ದಿನ ಕಿಟಕಿಯಿಂದ ಎದುರುಮನೆ ನೋಡುತ್ತ ಕಳೆದೆ. ಬರುವವರು ಕಡಿಮೆಯಾಗಿದ್ದರು. ಟ್ಯೂಷನ್ನಿಗೆ ಹೋಗುವ ಹುಡುಗಿಯರು, “ಗೋಂದು ಪಾರ್ಲರ್!” ಎಂದು ಕೂಗಿ ಓಡುತ್ತಿದ್ದರು. ಬುಧವಾರ ಮಧ್ಯಾಹ್ನ ತಡೆಯಲಾರದೆ ಹೋದೆ. ಮಂಜುಳ ಒಬ್ಬಳೇ ಕೂತು ಬಾಚಣಿಗೆಗಳನ್ನು ತೊಳೆಯುತ್ತಿದ್ದಳು. ಎರಡು ಮದುವೆಯವರು ಬೇಡವೆಂದು ಫೋನ್ ಮಾಡಿದ್ದರಂತೆ. ನಾನು ನಿಂತಲ್ಲೇ ನಿಂತು, “ನನ್ನ ಹೆಸರು ಯಾಕಮ್ಮ ಹೇಳಲಿಲ್ಲ?” ಎಂದೆ.

“ಎಂಗೇಳ್ಲಿ ಮೇಷ್ಟ್ರೇ? ನಿಮಗೆ ಪೇಟ ಇಡೋರೇ ಅಲ್ಲಿ ಕೂತಿದ್ರು. ನಂಗಾದ್ರೆ ಐಬ್ರೋ ಐತೆ, ಫೇಶಿಯಲ್ ಐತೆ, ಎಂಗೋ ನಡೀತದೆ. ನಿಮಗಿರೋದು ಅದೊಂದೇ ಕನ್ನಡ ಅಲ್ವಾ?” ಎಂದಳು. ಕುಹಕವಿರಲಿಲ್ಲ, ಅಯ್ಯೋ ಪಾಪ ಎಂಬಂತೆ ಹೇಳಿದಳು. ಒಂದು ಬಾಚಣಿಗೆ ಜಾಡಿಸಿಟ್ಟು ಮತ್ತೆ, “ಒಸಡು ಅಂತ ಒಂದ್ ಮಾತು ಬರೆದಿದ್ರೆ ಸಾಕಾಗಿತ್ತು. ನಮ್ಮಪ್ಪ ದನ ಕೊಳ್ಳೋವಾಗ ಬಾಯಿ ಬುಡಿಸಿ ಹಲ್ಲು ಒಸಡು ಎಲ್ಲಾ ನೋಡ್ತಿದ್ರು. ನಂಗೆ ಚಿಕ್ಕಂದಿನಿಂದ ಗೊತ್ತು. ಹೋಗ್ಲಿ, ಉರೀತದಾ ಅಂತ ಕೇಳಿದ್ನಲ್ಲ, ಅವಾಗಾದ್ರೂ ನಿಜ ಹೇಳ್ಬೌದಿತ್ತು ನೀವು” ಎಂದಳು. ತಪ್ಪಾಯ್ತಮ್ಮ ಎಂದೆ. ಭಾನುವಾರ ಎಲ್ಲರೆದುರು ಹೇಳಿಬಿಡುತ್ತೇನೆ ಎಂದೂ ಹೇಳಿದೆ. “ಬುಡಿ ಮೇಷ್ಟ್ರೇ” ಎಂದು ಬಾಚಣಿಗೆ ಒರೆಸತೊಡಗಿದಳು.

ಭಾನುವಾರ ಪೇಟ ಇಟ್ಟರು, ಶಾಲು ಹೊದಿಸಿದರು. ಒಂದಕ್ಷರ ತಪ್ಪಿದರೂ ನಮ್ಮ ಮೇಷ್ಟ್ರು ಬಿಡುತ್ತಿರಲಿಲ್ಲ ಎಂದು ನಾಲ್ಕು ಜನ ಹೊಗಳಿದರು. ನನ್ನ ಸರದಿ ಬಂದಾಗ ಮೈಕು ಹಿಡಿದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಿಘಂಟು, ಸ್ಟೂಲು, ಕಿರೀಟ, ಸೇತುವೆ, ಗೋಂದು, ಸಭೆಯಲ್ಲಿ ನಕ್ಕಿದ್ದು ಎಲ್ಲವನ್ನೂ ಹೇಳಿದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಿರೂಪಕ ಹುಡುಗಿ ಮೈಕು ತೆಗೆದುಕೊಂಡು, “ಇದೇ ನಮ್ಮ ಗುರುಗಳ ದೊಡ್ಡಗುಣ. ಯಾರೋ ಒಬ್ಬ ಹೆಣ್ಣುಮಗಳ ಮಾನ ಉಳಿಸಲು ಅವಳ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡರು” ಎಂದಳು. ಇಲ್ಲಮ್ಮ, ನಿಜವಾಗಲೂ ನಾನೇ ಎಂದೆ. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಸಂಘದ ಅಧ್ಯಕ್ಷರು ಎಂಥ ವಿನಯ, ಎಂಥ ವಿನಯ ಎನ್ನುತ್ತಿದ್ದದ್ದು ನನಗೆ ಕೇಳಿಸಿತು. ಫೋಟೋದವನು, “ಸಾರ್, ಒಂಚೂರು ನಗಿ” ಎಂದು ಎಷ್ಟು ಕೇಳಿಕೊಂಡರೂ ನನ್ನ ತುಟಿ ಬಿಚ್ಚಲಿಲ್ಲ.

ಚಪ್ಪಾಳೆ ತಟ್ಟದೆ ಕೂತಿದ್ದವನು ಮಹೇಶ ಒಬ್ಬನೇ. ಊಟದ ಮನೆಯಲ್ಲಿ ಹತ್ತಿರ ಬಂದು, “ನಿಜಾನಾ ಸಾರ್?” ಎಂದ. ನಿಜ ಎಂದೆ. ಅವನು, “ನಾನು ಕವಯಿತ್ರಿ ಅನ್ನೋದನ್ನ ಕವಿಯತ್ರಿ ಅಂತ ಬರೆದಿದ್ದಕ್ಕೆ ನೂರು ಸಲ ಬರೆಸಿದ್ರಿ, ನೆನಪಿದೆಯಾ? ಆ ಚಾರ್ಟು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕೋನು ನಾನು. ಕಾರಿನಲ್ಲಿದೆ, ತಗೊಂಡು ಹೋಗಿ. ಏನು ಮಾಡಬೇಕು ಅಂತ ನಿಮಗೇ ಗೊತ್ತು” ಎಂದ.

ಮಾರನೆಯ ಬೆಳಗ್ಗೆ ಚಾರ್ಟನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಮಂಜುಳ ‘ಎಚ್ಚರ’ವನ್ನು ‘ಎಚ್ಛರ’ ಎಂದು ಬರೆದಿದ್ದಳು. ನನ್ನ ಕೈ ತಾನಾಗಿ ಕೆಂಪು ಪೆನ್ನು ತೆಗೆದು, ಅದಕ್ಕೆ ಸುತ್ತು ಹಾಕಿ, ತಿದ್ದಿ, ಅರ್ಧ ಅಂಕ ಕಳೆಯಲು ಅಂಚಿಗೆ ಹೋಗಿತ್ತು. ಆಗ ನೋಡಿಕೊಂಡೆ. ಅವಳ ಒಂದು ಒತ್ತಕ್ಷರ ತಿದ್ದಿದ್ದೆ, ಅದರ ಪಕ್ಕದಲ್ಲೇ ನನ್ನ ಗೋಂದು ಹಾಗೇ ಕೂತಿತ್ತು. ಕೆಂಪು ಪೆನ್ನು ಕೆಳಗಿಟ್ಟೆ. ಆಮೇಲೆ ಕೆಳಗೆ ಬಲಗಡೆ, ಆ ಚಾರ್ಟಿನಲ್ಲಿ ಇಲ್ಲದೇ ಹೋಗಿದ್ದನ್ನು ದೊಡ್ಡಕ್ಷರದಲ್ಲಿ ಬರೆದೆ: ‘ಕನ್ನಡಕ್ಕೆ: ಎಂ. ಪುಟ್ಟಮಾದಪ್ಪ, ನಿವೃತ್ತ ಕನ್ನಡ ಪಂಡಿತ.’ ಜೇಬಿನಲ್ಲಿದ್ದ ಪತ್ರದ ಕರಡನ್ನು ಹರಿದುಹಾಕಿದೆ.

ಚಾರ್ಟನ್ನು ನಮ್ಮ ಗೇಟಿನ ಪಕ್ಕದ ಗೋಡೆಗೆ ಅಂಟಿಸಲು ಗೋಂದು ಬೇಕಾಯಿತು. ಮನೆಯಲ್ಲಿರಲಿಲ್ಲ. ಎದುರುಮನೆಗೆ ಹೋಗಿ ಕೇಳಿದೆ. ಮಂಜುಳ ನನ್ನ ಮುಖವನ್ನೊಮ್ಮೆ, ಕೈಯಲ್ಲಿದ್ದ ಚಾರ್ಟನ್ನೊಮ್ಮೆ ನೋಡಿ, ಬೀರು ತೆಗೆದು ಆ ಪುಟ್ಟ ಬಾಟಲಿ ತಂದಳು. ಮುಚ್ಚಳ ಬರಲಿಲ್ಲ. ಗೋಂದುತಡೆ ಸುತ್ತಲೂ ಬಿಗಿದು ಕಲ್ಲಾಗಿತ್ತು. ಅವಳು ತಿರುಗಿಸಿದಳು, ನಾನು ತಿರುಗಿಸಿದೆ, ಬಿಸಿನೀರಿನಲ್ಲಿ ಅದ್ದಿ ನೋಡಿದೆವು. “ನೀವೇಳಿದ್ರಲ್ಲ ಮೇಷ್ಟ್ರೇ, ಅದುಕ್ಕೆ ಎರಡು ಸುತ್ತು ಬಳಿದಿದ್ದೆ” ಎಂದಳು. ನನ್ನ ವಸಡಿಗೆ ಸೇರಬೇಕಾಗಿದ್ದದ್ದೆಲ್ಲ ಅಲ್ಲಿತ್ತು. ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ನನ್ನ ಮೂವತ್ತಮೂರು ವರ್ಷದ ತರಗತಿಗಳಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಸುತಲಿ ದಾರ ಕೊಟ್ಟಳು. ಗೇಟಿಗೆ ಕಟ್ಟಿದೆ.

ಸಂಘದವರು ಆ ಬೋರ್ಡು ಓದಿಕೊಂಡು ಹೋದರು. ಈ ಸಲ ಯಾರೂ ವಿನಯ ಎನ್ನಲಿಲ್ಲ. ಮೇಷ್ಟ್ರ ಮರ್ಯಾದೆಯ ಪ್ರಶ್ನೆ ಎಂದು ಅಧ್ಯಕ್ಷರು ಮಾಲೀಕರಿಗೆ ಬರೆಯುವ ವಿಚಾರವನ್ನೇ ಕೈಬಿಟ್ಟರು. ಮಂಜುಳಳ ಮರ್ಯಾದೆಯ ಮಾತು ಆಗಲೂ ಯಾರೂ ಎತ್ತಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಅವಳು ಈಗ ಹಲ್ಲಿನ ತಂಟೆಗೆ ಹೋಗುವುದಿಲ್ಲ, ಕೇಳಿದವರನ್ನು ಮಹೇಶನ ಹತ್ತಿರ ಕಳಿಸುತ್ತಾಳೆ. ಹುಬ್ಬಿಗೆ, ಮದುವೆಗೆ ಜನ ಮೊದಲಿನಷ್ಟಲ್ಲದಿದ್ದರೂ ಬರುತ್ತಿದ್ದಾರೆ. ನಿಘಂಟು ಅಟ್ಟದಿಂದ ಇಳಿದಿದೆ. ಸ್ಟೂಲು ಹಿಡಿದುಕೊಂಡಷ್ಟು ಹೊತ್ತೂ ಗೌರಮ್ಮ ಏನು ಹೇಳಿದಳೆಂಬುದನ್ನು ಮಾತ್ರ ಬರೆಯಲಾರೆ. ನನ್ನ ಜಗಲಿಗೆ ಕಾಗದ ಹಿಡಿದು ಯಾರೂ ಬರುತ್ತಿಲ್ಲ.

ಹುಡುಗಿಯರು ಮಾತ್ರ ನ್ಯಾಯವಾಗಿ ನಡೆದುಕೊಂಡರು. ಬೋರ್ಡು ಓದಿದ ದಿನವೇ ಆ ಹೆಸರನ್ನು ಎದುರುಮನೆಯಿಂದ ಕಿತ್ತು ತಂದು ನನಗೆ ಇಟ್ಟರು. ಸಂಜೆ ಟ್ಯೂಷನ್ನಿಗೆ ಹೋಗುವಾಗ, “ಗೋಂದು ಮೇಷ್ಟ್ರೇ!” ಎಂದು ಕೂಗುತ್ತಾರೆ. ಪಾರ್ಲರಿನ ಬಾಗಿಲಲ್ಲಿ ಮಂಜುಳ ನಿಂತಿದ್ದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ, ನಗು ತಡೆಯುವುದಕ್ಕೋ, ನನ್ನ ಮರ್ಯಾದೆ ಕಾಯುವುದಕ್ಕೋ ತಿಳಿಯದು. ನಾನು ಜಗಲಿಯಿಂದ “ಓ” ಎನ್ನುತ್ತೇನೆ. ಓ ಎನ್ನಬೇಕಾದರೆ ಬಾಯಿ ಬಿಡಲೇಬೇಕು, ಬೇರೆ ದಾರಿಯಿಲ್ಲ. ಆಗ ಮಾತ್ರ ನನ್ನ ಹಲ್ಲು ಬೀದಿಗೆ ಕಾಣುತ್ತದೆ. ಬಹಳ ಬೆಳ್ಳಗಾಗಿದೆ ಎನ್ನುತ್ತಾರೆ.